ಅತ್ತೆಯ ಜಾಡಿ

ಜನವರಿ 6, ಸೋಮವಾರ

ದೇವರ ಜೊತೆ ಮಾತು ಬಿಟ್ಟು ಎರಡು ತಿಂಗಳ ಹತ್ತಿರ ಬಂತು. ಚಿಕ್ಕ ಮಕ್ಕಳ ಭಾಷೆಯಲ್ಲಿ ಹೇಳುವುದಾದರೆ ಟೂ ಬಿಟ್ಟಿದ್ದೇನೆ. ಜಗಳ ಶುರು ಮಾಡಿದ್ದು ನಾನಲ್ಲ. ಮೊದಲ ಟ್ರೇ ಬನ್ನು ಓವನ್ನಿಗೆ ತಳ್ಳಿ, "ಒಂದು ಲೋಟ ನೀರು ಕೊಡೇ" ಎಂದ ನಮ್ಮವರು, ನಾನು ನೀರು ತರುವಷ್ಟರಲ್ಲಿ ಹಿಟ್ಟಿನ ಮೂಟೆಗೆ ಒರಗಿ ಹೋಗಿಬಿಟ್ಟಿದ್ದರು. ಅವರಿಗಂತೂ ಹೋಗುವ ಮನಸ್ಸಿರಲಿಲ್ಲ. ಬನ್ನು ಒಳಗಿಟ್ಟು ಅರ್ಧಕ್ಕೆ ಎದ್ದು ಹೊರಡುವ ಜನವೇ ಅಲ್ಲ ಅವರು. ಆದ್ದರಿಂದ ಕರೆದುಕೊಂಡು ಹೋದವನ ಮೇಲೆಯೇ ನನ್ನ ಸಿಟ್ಟು.

ತೊಂದರೆ ಏನೆಂದರೆ ಅಭ್ಯಾಸ. ಮಲಗುವ ಮುಂಚೆ ದಿನದ ವರದಿಯನ್ನೆಲ್ಲ ಅವನಿಗೆ ಒಪ್ಪಿಸುವುದು ಮೊದಲಿನಿಂದ ರೂಢಿ. ಯಾರು ಬಂದರು, ಯಾರು ತಲೆ ತಿಂದರು, ಯಾವ ಟ್ರೇ ಕರಕಲಾಯಿತು, ಎಲ್ಲ. ಈಗ ಮಾತಿಲ್ಲ, ಹೇಳದಿದ್ದರೆ ನಿದ್ದೆಯಿಲ್ಲ. ನಾನು ಒಬ್ಬಳೇ ಗೊಣಗುವುದನ್ನು ಕೇಳಿ ಕೇಳಿ ಸಾಕಾಗಿ ಮಗಳು ಈ ಪುಸ್ತಕ ತಂದುಕೊಟ್ಟಳು. ಅವಳು ಸಿಟಿ ಬಸ್ಸು ಓಡಿಸುತ್ತಾಳೆ. ದಿನವಿಡೀ ಹಾರ್ನು ಹೊಡೆಯುವುದರಿಂದಲೋ ಏನೋ ಮನೆಯಲ್ಲಿ ಮಾತು ಕಡಿಮೆ.

"ಗೋಡೆಗೆ ಹೇಳೋದಕ್ಕಿಂತ ಇದು ವಾಸಿ ಅಮ್ಮ" ಎಂದಳು. ಸರಿ, ಇದಕ್ಕೇ ಹೇಳುತ್ತೇನೆ.

ಜನವರಿ 8, ಬುಧವಾರ

ಮೊನ್ನೆ ಭಾನುವಾರದ್ದು ಬರೆಯದಿದ್ದರೆ ಹೊಟ್ಟೆ ಉಬ್ಬುತ್ತದೆ.

ತಿಂಗಳ ಮೊದಲ ಭಾನುವಾರ ನಮ್ಮ ಚರ್ಚಿನಲ್ಲಿ ಕರ್ತನ ಭೋಜನ. ಹಿಂದಿನ ಸಂಜೆ ಪ್ರತಿ ಮನೆಯಿಂದ ಒಂದು ಹಿಡಿ ಹಿಟ್ಟು ಬೇಕರಿಗೆ ಬರುತ್ತದೆ. ಒಬ್ಬರದು ತರಿತರಿ, ಒಬ್ಬರದು ನುಣುಪು, ಎದುರು ಅಂಗಡಿಯ ಗಡಿಯಾರದವರದು ಯಾವಾಗಲೂ ಹಳೆಯ ಮಾತ್ರೆ ಡಬ್ಬಿಯಲ್ಲಿ. ಎಲ್ಲವನ್ನೂ ಒಟ್ಟಿಗೆ ಕಲಸಿ ಒಂದೇ ದೊಡ್ಡ ರೊಟ್ಟಿ ಮಾಡುವುದು ಬೇಕರಿಯ ಕೆಲಸ. ಮಾರನೆಯ ದಿನ ಪಾಸ್ಟರ್ ಅದನ್ನು ಕರ್ತನ ದೇಹವೆಂದು ಹೇಳಿ ಮುರಿಯುತ್ತಾರೆ, ತಟ್ಟೆ ಬೆಂಚಿನಿಂದ ಬೆಂಚಿಗೆ ಹೋಗುತ್ತದೆ. ನಮ್ಮವರು ಒಂದೊಂದು ಹಿಡಿ ಸುರಿಯುವಾಗಲೂ ಆ ಮನೆಯ ಹೆಸರು ಹೇಳುತ್ತಿದ್ದರು. ಕೊನೆಯಲ್ಲಿ "ಇದು ನಮ್ಮನೆ" ಎಂದು ನಮ್ಮದನ್ನು ಹಾಕುತ್ತಿದ್ದರು.

ಈಗ ರೊಟ್ಟಿ ನಾನೇ ಮಾಡುತ್ತೇನೆ. ಒಪ್ಪಿಕೊಂಡ ಕೆಲಸ ಕೆಲಸವೇ, ಅದರಲ್ಲಿ ಮುನಿಸು ಬೆರೆಸಬಾರದು. ಆದರೆ ನಮ್ಮ ಮನೆಯ ಹಿಡಿ ಹಾಕಲಿಲ್ಲ. ಮಾತೇ ಇಲ್ಲದವನ ಮನೆಗೆ ಹಿಟ್ಟು ಏಕೆ? ಭಾನುವಾರ ತಟ್ಟೆ ನನ್ನ ಬೆಂಚಿಗೆ ಬಂದಾಗ ಒಂದು ಚೂರನ್ನೂ ತೆಗೆದುಕೊಳ್ಳದೆ ಪಕ್ಕಕ್ಕೆ ದಾಟಿಸಿದೆ. ಆರ್ಗನ್ ನುಡಿಸುವ ಟೀಚರ್ ಕನ್ನಡಕದ ಮೇಲಿನಿಂದ ನೋಡಿ ಒಂದು ಸ್ವರ ತಪ್ಪಿಸಿದರು. ಅವರು ಪ್ರತಿ ವಾರವೂ ತಪ್ಪಿಸುತ್ತಾರೆ, ಅದು ನನ್ನ ತಲೆಗೆ ಕಟ್ಟುವಂಥದ್ದಲ್ಲ.

ಜನವರಿ 10, ಶುಕ್ರವಾರ

ಅಲಾರಂ ಕೈಜಾರಿ ಬಿತ್ತು. ಗಡಿಯಾರದವರಿಗೆ ಕೊಟ್ಟಿದ್ದೇನೆ. ಅವರ ಅಂಗಡಿಯಲ್ಲಿ ಎಲ್ಲ ಗಡಿಯಾರಗಳೂ ಬೇರೆ ಬೇರೆ ಹೊತ್ತು ತೋರಿಸುತ್ತವೆ. ಯಾವಾಗ ಕೊಡುತ್ತೀರಿ ಎಂದರೆ "ಆಗತ್ತೆ ಆಗತ್ತೆ" ಎಂದರು. ಯಾವ ಗಡಿಯಾರದ ಪ್ರಕಾರ ಎಂದು ಕೇಳಲಿಲ್ಲ.

ನಮ್ಮವರು ಇದ್ದಾಗ ಅಲಾರಂ ಬೇಕಿರಲಿಲ್ಲ. ಬೆಳಕು ಹರಿಯುವ ಮುಂಚೆ ಬಾಗಿಲಲ್ಲಿ ನಿಂತು, "ಎದ್ದೇಳೇ, ಹಿಟ್ಟು ಕಾಯ್ತಾ ಇದೆ" ಎನ್ನುತ್ತಿದ್ದರು. ಅಷ್ಟು ವರ್ಷ ಆ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ಜನವರಿ 21, ಮಂಗಳವಾರ

ಪಾಸ್ಟರ್ ಬಂದಿದ್ದರು. ಒಳ್ಳೆಯ ಮನುಷ್ಯ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೆ ಬಾಯಿಗೆ ಬೀಗವಿಲ್ಲ. ದೇವರ ಚಿತ್ತ, ದೇವರ ಯೋಜನೆ ಎಂದು ಶುರು ಮಾಡಿದರು. ಬಿಸಿ ಬನ್ನೊಂದನ್ನು ಕೈಗೆ ಕೊಟ್ಟೆ. ಬಾಯಿ ತುಂಬಿದ್ದರಿಂದ ಯೋಜನೆ ಸ್ವಲ್ಪ ಹೊತ್ತು ನಿಂತಿತು. ಮುಗಿಯುವಷ್ಟರಲ್ಲಿ ಇನ್ನೊಂದು ಕೊಟ್ಟೆ. ನಾಲ್ಕನೆಯ ಬನ್ನಿಗೆ ಅವರೇ ಎದ್ದು ಹೊರಟರು.

ಅವರು ಹೋದ ಮೇಲೆ ಅತ್ತೆಗೆ ಊಟ ಹಾಕಿದೆ. ಅತ್ತೆ ಎಂದರೆ ಹುಳಿಹಿಟ್ಟಿನ ಜಾಡಿ. ಅಂಗಡಿಯ ಬ್ರೆಡ್ಡಿಗೆ, ಬನ್ನಿಗೆ ಪ್ಯಾಕೆಟ್ಟಿನ ಯೀಸ್ಟ್ ಸಾಕು. ಚರ್ಚಿನ ರೊಟ್ಟಿಗೆ ಮಾತ್ರ ಈ ಹುಳಿ. ಮದುವೆಯಾದ ವರ್ಷ ನಮ್ಮವರು ಬರೀ ಹಿಟ್ಟು ನೀರು ಕಲಸಿ ಹುಟ್ಟುಹಾಕಿದ್ದು. ಪ್ರತಿ ಸಲ ಸ್ವಲ್ಪ ಉಳಿಸಿಕೊಳ್ಳುವುದು, ಅದಕ್ಕೆ ಹೊಸ ಹಿಟ್ಟು ಸೇರಿಸುವುದು. ಹೀಗೆ ಉಳಿಸುತ್ತ ಬೆಳೆಸುತ್ತ ಇಲ್ಲಿಯವರೆಗೆ ಬಂದಿದೆ. ಸದಾ ಹುಳಿ ಹುಳಿ, ಬೆಳಿಗ್ಗೆ ಎದ್ದ ಕೂಡಲೇ ಮೊದಲು ತನಗೇ ಊಟ ಬೇಕು, ಒಂದು ದಿನ ತಪ್ಪಿದರೂ ಮುಖ ಗಂಟಿಕ್ಕುತ್ತದೆ ಎಂದು ಅದಕ್ಕೆ ಅತ್ತೆ ಎಂದು ಹೆಸರಿಟ್ಟರು. ಅದೂ ನನ್ನಮ್ಮನ ಎದುರಿಗೇ. ಅಮ್ಮ ಆ ದಿನ ಊಟ ಮಾಡದೆ ಎದ್ದು ಹೋಗಿದ್ದಳು.

ಜಾಡಿಯ ಮುಚ್ಚಳ ತೆಗೆದರೆ ಅವರ ಅಂಗಿಯ ವಾಸನೆ ಬರುತ್ತದೆ. ಅವರ ಬಟ್ಟೆಗಳನ್ನು ಮಗಳು ಕೊಟ್ಟುಬಿಟ್ಟಳು, ನಾನೇ ಕೊಡು ಎಂದಿದ್ದೆ. ಉಳಿದದ್ದು ಈ ಅತ್ತೆ ಒಬ್ಬಳೇ. ನೋಡು, ಇವಳನ್ನಾದರೂ ಬಿಟ್ಟಿದ್ದೀಯಲ್ಲ, ಅಷ್ಟು ಸಾಕು.

ಫೆಬ್ರವರಿ 1, ಶನಿವಾರ

ಸುಸ್ತು. ಮಗಳಿಗೆ ಜ್ವರ, ಅಂಗಡಿಯಲ್ಲಿ ಜನ, ಅದರ ಮೇಲೆ ಈ ಸಲ ಹಿಟ್ಟು ಬೇರೆ ಜಾಸ್ತಿ ಬಂತು. ಗಡಿಯಾರದವರ ಮನೆಗೆ ನೆಂಟರು ಬಂದಿದ್ದಾರಂತೆ, ಅವರ ಪಾಲಿನದೂ ಮಾತ್ರೆ ಡಬ್ಬಿಯಲ್ಲೇ ತುರುಕಿದ್ದರು. ಹಿಟ್ಟು ಜಾಸ್ತಿಯಾದ ಮೇಲೆ ಹುಳಿಯೂ ಜಾಸ್ತಿ ಬೇಕಲ್ಲ, ಹಾಕಿ ನಾದಿದೆ. ನಮ್ಮ ಮನೆಯ ಹಿಡಿ ಈ ಸಲವೂ ಇಲ್ಲ. ರೊಟ್ಟಿ ಚೆನ್ನಾಗಿ ಉಬ್ಬಿದೆ. ಪಾತ್ರೆ, ಟ್ರೇ, ಜಾಡಿ ಎಲ್ಲ ಫಳಫಳ ತೊಳೆದಿಟ್ಟೆ. ಮಲಗುತ್ತೇನೆ.

ಫೆಬ್ರವರಿ 2, ಭಾನುವಾರ

ಆರಾಧನೆ ಮುಗಿಸಿಕೊಂಡು ಬಂದು ಅತ್ತೆಗೆ ಊಟ ಹಾಕೋಣವೆಂದು ಮುಚ್ಚಳ ತೆಗೆದೆ. ಒಳಗೆ ನನ್ನ ಮುಖ ಕಾಣುವಷ್ಟು ಸ್ವಚ್ಛ.

ಉಳಿಸಿಕೊಳ್ಳುವುದನ್ನೇ ಮರೆತಿದ್ದೇನೆ. ಎಲ್ಲವನ್ನೂ ರೊಟ್ಟಿಗೆ ಸುರಿದು ಜಾಡಿ ತೊಳೆದಿದ್ದೇನೆ. ನಿನ್ನೆ ಬೇಕರಿಗೆ ಸೇರಿದವರೂ ಈ ತಪ್ಪು ಮಾಡುವುದಿಲ್ಲ.

ಚರ್ಚಿಗೆ ಓಡಿದೆ. ಬೆಂದ ಹುಳಿ ಮತ್ತೆ ಏಳುವುದಿಲ್ಲ ಎಂದು ಗೊತ್ತು. ಆದರೂ ಒಂದು ತುಂಡು ಬೇಕಿತ್ತು, ಬಾಯಿಗೆ. ಭೋಜನದ ರೊಟ್ಟಿಯನ್ನು ಎಸೆಯಬಾರದೆಂದು ಮಿಕ್ಕಿದ್ದನ್ನೆಲ್ಲ ಪಾಸ್ಟರೇ ತಿಂದು ಮುಗಿಸುತ್ತಾರೆ. ಅವರ ಮೀಸೆಯಲ್ಲಿ ಇನ್ನೂ ಪುಡಿಯಿತ್ತು. ವಿಷಯ ಕೇಳಿ ಮುಖ ಸಣ್ಣದು ಮಾಡಿಕೊಂಡು, "ಈ ಸಲ ತುಂಬಾ ರುಚಿಯಾಗಿತ್ತು ಅಕ್ಕ" ಎಂದರು.

ನಮ್ಮವರ ಕೈಯ ಹುಳಿ ಇಡೀ ಸಭೆಗೆ ಸಿಕ್ಕಿತು. ಗಡಿಯಾರದವರ ನೆಂಟರಿಗೂ ಸಿಕ್ಕಿತು, ಅವರು ಯಾರೋ ಏನೋ. ನನಗೊಬ್ಬಳಿಗೇ ಇಲ್ಲ. ತಟ್ಟೆ ಎದುರಿಗೇ ಬಂದಿತ್ತು. ನಾನೇ ದಾಟಿಸಿದೆ. ನಿನ್ನ ಮೇಲಿನ ಸಿಟ್ಟನ್ನು ನನ್ನ ಹೊಟ್ಟೆಯ ಮೇಲೆ ತೀರಿಸಿಕೊಂಡೆ.

ಮಣ್ಣು ಮಾಡಿದ ದಿನವೂ ಅಳದವಳು ಇವತ್ತು ಖಾಲಿ ಜಾಡಿ ಹಿಡಿದುಕೊಂಡು ಅತ್ತುಬಿಟ್ಟೆ. ಜ್ವರದಲ್ಲಿದ್ದ ಮಗಳು ಎದ್ದು ಬಂದು ಪಕ್ಕದಲ್ಲಿ ಕೂತಳು. ಅವಳೂ ಅತ್ತಳು.

ಫೆಬ್ರವರಿ 3, ಸೋಮವಾರ

ಅಂಗಡಿ ತೆರೆಯಲಿಲ್ಲ.

ಫೆಬ್ರವರಿ 5, ಬುಧವಾರ

ಇವತ್ತೂ ತೆರೆಯುವುದಿಲ್ಲ ಎಂದುಕೊಂಡು ಹೊದ್ದು ಮಲಗಿದ್ದೆ. ಹೊರಗೆ ಶಟರ್ ಬಡಿದ ಸದ್ದು. ನೋಡಿದರೆ ಗಡಿಯಾರದವರು, ಕೈಯಲ್ಲಿ ಅದೇ ಮಾತ್ರೆ ಡಬ್ಬಿ. ತಿಂಗಳ ಮೊದಲ ಶನಿವಾರ ಆಗಿಹೋಯಿತಲ್ಲ ಎಂದೆ. ಈ ಮನುಷ್ಯನಿಗೆ ಗಡಿಯಾರದ ಹಾಗೆ ಕ್ಯಾಲೆಂಡರೂ ಕೆಟ್ಟಿತೇನೋ ಎನಿಸಿತು.

"ಗೊತ್ತು. ಯಜಮಾನ್ರು ಮೊದಲ್ನೇ ಸಲ ಹುಳಿ ಹಾಕಿದಾಗ್ಲೂ ನಮ್ಮಪ್ಪ ಒಂದು ಹಿಡಿ ಕೊಟ್ಟಿದ್ರಂತೆ. ಅದಕ್ಕೇ ತಂದೆ" ಎಂದು ಡಬ್ಬಿಯನ್ನು ಕೌಂಟರಿನ ಮೇಲಿಟ್ಟು ಹೋದರು.

ಮಧ್ಯಾಹ್ನದೊಳಗೆ ಆರ್ಗನ್ ಟೀಚರ್ ಬಂದರು, ಪಾಸ್ಟರ್ ಹೆಂಡತಿ ಬಂದರು, ಒಬ್ಬರಾದ ಮೇಲೆ ಒಬ್ಬರು ಒಂದೊಂದು ಹಿಡಿ ಹಿಟ್ಟು ಹಿಡಿದು ಬಂದರು. ಯಾರು ಡಂಗುರ ಹೊಡೆದರೋ! ಮಗಳನ್ನು ಕೇಳಿದರೆ ಬಸ್ಸಿನಲ್ಲಿ ಯಾರಿಗೋ ಒಬ್ಬರಿಗೆ ಹೇಳಿದೆ ಎನ್ನುತ್ತಾಳೆ. ತುಂಬಿದ ಬಸ್ಸಿನಲ್ಲಿ ಒಬ್ಬರಿಗೆ ಹೇಳುವುದೂ ಒಂದೇ, ಮೈಕಿನಲ್ಲಿ ಹೇಳುವುದೂ ಒಂದೇ.

ಎಲ್ಲರದನ್ನೂ ಒಂದು ಡಬ್ಬದಲ್ಲಿ ಸುರಿದೆ. ಅದರಲ್ಲಿ ಒಂದು ಹಿಡಿ ತೆಗೆದು ಜಾಡಿಗೆ ಹಾಕಿ ನೀರು ಕಲಸಿದೆ. ಆಗುತ್ತದೆಂಬ ನಂಬಿಕೆಯಿಂದಲ್ಲ. ಕೊಟ್ಟವರ ಮುಖ ನೋಡಿ ಸುಮ್ಮನಿರಲು ಆಗಲಿಲ್ಲ, ಅಷ್ಟೇ.

ಭಾನುವಾರ ಬರೆದದ್ದನ್ನು ಈಗ ಓದಿದೆ. "ನಿನ್ನ ಮೇಲಿನ ಸಿಟ್ಟು" ಎಂದಿದೆ. ಯಾರ ಮೇಲಿನ? ಪುಸ್ತಕಕ್ಕೆ ಹೇಳಿದ್ದಿರಬೇಕು.

ಫೆಬ್ರವರಿ 7, ಶುಕ್ರವಾರ

ಗುಳ್ಳೆ ಬಂದಿದೆ! ಜಾಡಿ ತುಂಬ ಗುಳ್ಳೆ. ಮಗಳನ್ನು ಎಬ್ಬಿಸಿ ತೋರಿಸಿದೆ. ಕಣ್ಣುಜ್ಜಿಕೊಂಡು ನೋಡಿ "ಅಜ್ಜಿ ಬಂದಳಾ" ಎಂದಳು.

ಅಂಗಡಿ ತೆರೆದೆ. ಬನ್ನು ಎಲ್ಲ ಖರ್ಚಾಯಿತು.

ಫೆಬ್ರವರಿ 8, ಶನಿವಾರ

ಇದ್ದಕ್ಕಿದ್ದ ಹಾಗೆ ಸತ್ತುಹೋಗಿದೆ. ಗುಳ್ಳೆಯಿಲ್ಲ, ಮೇಲೆ ಕಂದು ನೀರು ನಿಂತಿದೆ, ಒದ್ದೆ ಕಾಲುಚೀಲದ ವಾಸನೆ. ನಿನ್ನೆ ಉಬ್ಬಿದ್ದೆಲ್ಲ ಸುಳ್ಳು.

ಕಲಸಿದ ದಿನದಿಂದ ಲೆಕ್ಕ ಹಾಕಿದರೆ ಈ ಹೊತ್ತಿಗೆ ಏಳಬೇಕಿತ್ತು ಎಂದುಕೊಂಡಿದ್ದೆ. ಕರ್ತನ ಹಾಗೆ ಸತ್ತ ಮೂರನೇ ದಿನ ಏಳುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ, ಬಿಡು.

ಫೆಬ್ರವರಿ 11, ಮಂಗಳವಾರ

ಮಗಳು ಚೆಲ್ಲಿಬಿಡು ಎನ್ನುತ್ತಾಳೆ. ಅವಳ ಡ್ಯೂಟಿ ಅಂಗಿಗೂ ವಾಸನೆ ಹತ್ತಿದೆಯಂತೆ, ಪ್ರಯಾಣಿಕರು ಮೂಗು ಮುಚ್ಚಿಕೊಂಡು ಬಸ್ಸು ಹತ್ತುತ್ತಿದ್ದಾರಂತೆ. ಇದು ಅತಿಯಾಯಿತು. ಆದರೆ ವಾಸನೆ ಇರುವುದು ನಿಜ.

ಆದರೂ ದಿನವೂ ಅರ್ಧ ತೆಗೆದು ಚೆಲ್ಲುತ್ತೇನೆ, ಡಬ್ಬದಿಂದ ಒಂದು ಹಿಡಿ ಹಾಕುತ್ತೇನೆ, ನೀರು ಹಾಕಿ ಕಲಸುತ್ತೇನೆ. ಹಾಕುವಾಗ ಬಾಯಿ ಸುಮ್ಮನಿರುವುದಿಲ್ಲ, ಮನೆಮನೆಯ ಹೆಸರು ತಾನಾಗಿ ಬರುತ್ತದೆ. ಗಡಿಯಾರದವರಿಗೆ ಕಣ್ಣು ಮಂಜಾಗಿದೆಯಂತೆ, ಅದಕ್ಕೇ ನನ್ನ ಅಲಾರಂ ತಡವಾಗುತ್ತಿದೆ, ಪಾಪ, ಬಾಯಿಬಿಟ್ಟು ಹೇಳಲೂ ಇಲ್ಲ. ಟೀಚರ ಬೆರಳುಗಳಿಗೆ ವಾತ, ಸ್ವರ ತಪ್ಪುವುದು ಅದರಿಂದ. ನಾನು ಸುಮ್ಮನೆ ಆಡಿಕೊಂಡೆ. ಇಬ್ಬರನ್ನೂ ಸ್ವಲ್ಪ ನೋಡಿಕೊಳ್ಳಬೇಕು.

ಸತ್ತ ಹಾಗೆ ಕಾಣುವುದಕ್ಕೆ ದಿನವೂ ಊಟ ಹಾಕುವುದು ಎಂಥ ಕೆಲಸ ಗೊತ್ತಾ ನಿನಗೆ? ತಿರುಗಿ ಒಂದು ಗುಳ್ಳೆಯೂ ಇಲ್ಲ. ಮಾತಾಡಿಸಿದರೂ ಉತ್ತರವಿಲ್ಲ. ಮೈಯೆಲ್ಲ ಉರಿಯುತ್ತದೆ. ಆಮೇಲೆ ಅನ್ನಿಸಿತು, ಈ ಎರಡು ಮೂರು ತಿಂಗಳು ನನ್ನ ವಿಷಯದಲ್ಲಿ ನಿನ್ನ ಗತಿಯೂ ಇದೇ ಇದ್ದಿರಬೇಕು.

ಈ ಸಾಲನ್ನು ಹೊಡೆದುಹಾಕಬೇಕು ಎಂದುಕೊಂಡೆ. ಪೆನ್ನಿನ ಶಾಯಿ ದಂಡ, ಇರಲಿ.

ಫೆಬ್ರವರಿ 14, ಶುಕ್ರವಾರ

ಪಾಸ್ಟರ್ ಬಂದಿದ್ದರು. ನಾನು ಬನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಅವರೇ ಬೇಡವೆಂದು ಕೈಯಾಡಿಸಿದರು. ಅಂಗಿಯ ತೋಳು ಮಡಚಿಕೊಂಡು ಟ್ರೇಗಳನ್ನು ತೊಳೆಯಲು ನಿಂತರು. ಅರ್ಧ ರಾಶಿ ಮುಗಿಯುವವರೆಗೆ ತುಟಿ ಬಿಚ್ಚಲಿಲ್ಲ. ನನಗೇ ಗಾಬರಿಯಾಯಿತು, ಮೈ ಹುಷಾರಿಲ್ಲವೇನೋ ಎಂದು.

ಕೊನೆಗೆ ನಾನೇ ಬಾಯಿಬಿಟ್ಟೆ. ದೇವರ ಮೇಲೆ ಸಿಟ್ಟಿದೆ, ತಟ್ಟೆ ದಾಟಿಸುತ್ತಿರುವುದು ಬೇಕೆಂದೇ, ನಮ್ಮ ಮನೆಯ ಹಿಡಿ ಹಾಕುತ್ತಿಲ್ಲ, ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಟ್ರೇಯ ಮೂಲೆಯಲ್ಲಿ ಅಂಟಿದ್ದ ಕರಕಲನ್ನು ಉಗುರಿನಿಂದ ಕೆರೆಯುತ್ತಲೇ ಇದ್ದರು.

"ನನ್ನ ತಮ್ಮ ಹೋದಾಗ ನಾನೂ ಹೀಗೇ ಇದ್ದೆ ಅಕ್ಕ. ಒಂದು ವರ್ಷ ಪೀಠದ ಮೇಲೆ ನಿಂತು ಎಲ್ಲರ ಪರವಾಗಿ ಪ್ರಾರ್ಥನೆ ಮಾಡಿದೆ, ನನ್ನ ಪರವಾಗಿ ಒಂದು ದಿನಾನೂ ಮಾಡ್ಲಿಲ್ಲ. ಆಗಿಂದಾನೇ ಈ ಪಾಟಿ ಮಾತಾಡೋದು ಶುರುವಾಗಿದ್ದು. ಸುಮ್ಮನಾದ್ರೆ ಭಯ" ಎಂದರು. ಆಮೇಲೆ ನಲ್ಲಿ ನಿಲ್ಲಿಸಿ, "ಸಿಟ್ಟು ಮಾಡ್ಕೊಳ್ಳಿ. ಸಿಟ್ಟು ಮಾಡ್ಕೊಳ್ಳೋಕೂ ಎದುರಿಗೆ ಒಬ್ಬ ಇರಬೇಕಲ್ಲ" ಎಂದರು.

ಹೋಗುವಾಗ ಬನ್ನು ಕಟ್ಟಿಕೊಟ್ಟೆ. ಇವತ್ತಿನದು ಬಾಯಿ ಮುಚ್ಚಿಸಲು ಕೊಟ್ಟದ್ದಲ್ಲ.

ಫೆಬ್ರವರಿ 17, ಸೋಮವಾರ

ಬೆಳಿಗ್ಗೆ ಅಡುಗೆಮನೆಗೆ ಹೋದರೆ ಜಾಡಿಯ ಮುಚ್ಚಳ ನೆಲದ ಮೇಲೆ ಬಿದ್ದಿದೆ. ಬೆಕ್ಕಿನ ಕೆಲಸ ಎಂದುಕೊಂಡೆ. ನಮ್ಮಲ್ಲಿ ಬೆಕ್ಕಿಲ್ಲ.

ಹಿಟ್ಟು ಜಾಡಿಯ ಬಾಯಿ ದಾಟಿ ಪಕ್ಕದಲ್ಲೆಲ್ಲ ಇಳಿದಿತ್ತು. ಮೂಗಿನ ಹತ್ತಿರ ತಂದೆ. ಕಾಲುಚೀಲದ ವಾಸನೆ ಹೋಗಿ ಮಾಗಿದ ಹಣ್ಣಿನ ಹುಳಿ ವಾಸನೆ. ಒಂದು ಚೂರನ್ನು ನೀರಿಗೆ ಹಾಕಿದೆ, ತೇಲಿತು, ಅಂದರೆ ಹುಳಿಗೆ ಜೀವ ಬಂದಿದೆ. ಈ ಸಲ ಸುಳ್ಳಲ್ಲ.

ಏಪ್ರನ್ನಿನಲ್ಲೇ ರಸ್ತೆ ದಾಟಿ ಗಡಿಯಾರದವರಿಗೆ ತೋರಿಸಲು ಓಡಿದೆ. ಅವರು ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡೇ ಜಾಡಿಯೊಳಗೆ ಇಣುಕಿದರು. "ನಡೀತಾ ಇದೆ" ಎಂದರು. ಅವರ ಅಂಗಡಿಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ.

ಥ್ಯಾಂಕ್ಸ್ ಹೇಳುವುದಿಲ್ಲ, ಕಾಯಿಸಿದ್ದಕ್ಕೆ ಇನ್ನೂ ಸಿಟ್ಟಿದೆ. ಆದರೆ ಮುಚ್ಚಳ ಹಾರಿಸಿದ್ದು ಚೆನ್ನಾಗಿತ್ತು.

ಮಾರ್ಚ್ 1, ಶನಿವಾರ

ಇವತ್ತು ಎಲ್ಲಕ್ಕಿಂತ ಮೊದಲು ಒಂದು ಬಟ್ಟಲು ಹುಳಿ ತೆಗೆದು ಪಕ್ಕಕ್ಕಿಟ್ಟೆ. ನಂಬಿಕೆ ಸಾಲದೆ ಇನ್ನೆರಡು ಸಣ್ಣ ಜಾಡಿಗಳಲ್ಲಿ ಹಾಕಿ ಪಾಸ್ಟರ್ ಮನೆಗೂ ಗಡಿಯಾರದವರಿಗೂ ಕಳಿಸಿದೆ. ಅತ್ತೆಯನ್ನು ಒಂದೇ ಮನೆಯಲ್ಲಿಟ್ಟುಕೊಳ್ಳುವುದು ಅಪಾಯ. ಪಾಸ್ಟರ್ ಅದಕ್ಕೆ ಈಗಾಗಲೇ ಉಪದೇಶ ಶುರು ಮಾಡಿರಬಹುದು.

ಸಂಜೆ ಹಿಟ್ಟು ಬಂತು. ಒಂದೊಂದೇ ಹಿಡಿ ಸುರಿದು ಮನೆಯ ಹೆಸರು ಹೇಳಿದೆ. ಕೊನೆಯದು ಮುಗಿದ ಮೇಲೂ ನಾದಲು ಕೈ ಹೋಗಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗಳು ಒಳಗೆ ಹೋಗಿ ನಮ್ಮ ಹಿಟ್ಟಿನ ಡಬ್ಬ ತಂದು ಮುಚ್ಚಳ ತೆಗೆದು ಹಿಡಿದಳು. ಹಾಕು ಎಂದು ಬಾಯಿಬಿಟ್ಟು ಹೇಳಿದ್ದರೆ ನಾನು ಹಟ ಮಾಡುತ್ತಿದ್ದೆ.

ಮುಷ್ಟಿ ತುಂಬ ತೆಗೆದು ಹಾಕಿದೆ. "ಇದು ನಮ್ಮನೆ" ಎಂದೆ. ಆಮೇಲೆ ಕೈ ತಾನಾಗಿ ನಾದಲು ಹೋಯಿತು.

ಮಾರ್ಚ್ 2, ಭಾನುವಾರ

ರೊಟ್ಟಿಯ ತಳ ಸ್ವಲ್ಪ ಹೊತ್ತಿತ್ತು, ಹೇಳಿಬಿಡುತ್ತೇನೆ. ಹೊಸ ಅತ್ತೆಗೆ ಓವನ್ನಿನ ಗುಣ ಇನ್ನೂ ಗೊತ್ತಿಲ್ಲ. ಪಾಸ್ಟರ್ ಎತ್ತಿ ಹಿಡಿದು ಮುರಿದಾಗ ಕಟ್ ಎಂದು ಸದ್ದಾಗಿ ಕೊನೆಯ ಬೆಂಚಿನವರೆಗೆ ಕೇಳಿಸಿತು. ಆ ಸದ್ದನ್ನು ಎಷ್ಟು ವರ್ಷಗಳಿಂದ ಕೇಳುತ್ತಿದ್ದೇನೆ! ನಮ್ಮವರು ಹೋದ ಮೇಲೆ ನನ್ನೊಳಗೆ ಆದದ್ದೂ ಅದೇ ಸದ್ದು. ಶಿಲುಬೆಯ ಮೇಲೆ ನೀನೂ ಮುರಿಸಿಕೊಂಡವನೇ ಎಂಬುದು ಇವತ್ತು ಅಲ್ಲಿ ಕೂತಾಗ ನೆನಪಾಯಿತು. ಇಷ್ಟು ದಿನ ನಿನ್ನನ್ನು ಬರೀ ಕರೆದುಕೊಂಡು ಹೋದವನು ಎಂದೇ ಬೈದೆ. ಮೂಟೆಗೆ ಒರಗಿದ್ದ ಅವರ ಪಕ್ಕದಲ್ಲಿ ನೀನೂ ಕೂತಿದ್ದಿರಬಹುದು, ನಾನು ನೀರಿನ ಲೋಟ ಹಿಡಿದು ಓಡಿ ಬರುವ ಗಡಿಬಿಡಿಯಲ್ಲಿ ನೋಡಲಿಲ್ಲ.

ತಟ್ಟೆ ಬಂತು. ದಾಟಿಸಲಿಲ್ಲ. ಚೂರು ಬಾಯಿಗೆ ಹಾಕಿಕೊಂಡೆ. ಅವರ ಹುಳಿಯ ರುಚಿ ಅಲ್ಲ, ಸುಳ್ಳು ಹೇಳುವುದಿಲ್ಲ. ಅದು ಇನ್ನು ಸಿಗುವುದಿಲ್ಲ, ಅದಕ್ಕೆ ತುಂಬ ದುಃಖವಾಯಿತು. ಆದರೆ ಇದೂ ರೊಟ್ಟಿಯೇ. ಅಗಿದೆ, ನುಂಗಿದೆ. ಆಚೆ ಟೀಚರ್ ಒಂದು ಸ್ವರ ತಪ್ಪಿಸಿದರು, ನನಗೆ ಅಲ್ಲೇ ನಗು ಬಂತು. ಮಗಳು ಮೊಣಕೈಯಿಂದ ತಿವಿದಳು.

ಮಧ್ಯಾಹ್ನ ಗಡಿಯಾರದವರು ಅಲಾರಂ ತಂದುಕೊಟ್ಟರು. ಕೊನೆಗೂ ನಡೆಯುತ್ತಿದೆ, ಸರಿಯಾದ ಹೊತ್ತನ್ನೇ ತೋರಿಸುತ್ತಿದೆ. ಅವರ ಕಣ್ಣಿನ ಆಪರೇಷನ್ ಬರುವ ವಾರ, ಅದನ್ನು ಮರೆಯಬೇಡ. ಟೀಚರ ಬೆರಳುಗಳನ್ನೂ. ಮಗಳಿಗೆ ನಾಳೆ ಬೆಳಗಿನ ಡ್ಯೂಟಿ, ರಸ್ತೆಯಲ್ಲಿ ಜೊತೆಗಿರು. ನಮ್ಮವರಿಗೆ ಬನ್ನು ಕರಕಲಾಗಲಿಲ್ಲ ಎಂದು ಹೇಳು, ಅವತ್ತು ನಾನು ಅಳುವ ಬದಲು ಎದ್ದು ಹೋಗಿ ಓವನ್ನಿನಿಂದ ಹೊರಗೆ ತೆಗೆದಿದ್ದೆ. ಅವರಿಗೆ ಅದೇ ಚಿಂತೆ ಇರುತ್ತದೆ.

ನಿನ್ನ ಜೊತೆ ಟೂ ಬಿಟ್ಟಿರುವುದು ಮಾತ್ರ ಹಾಗೆಯೇ ಇದೆ, ಅಷ್ಟು ಸುಲಭವಾಗಿ ಮುಗಿಯುವ ಜಗಳ ಅಲ್ಲ. ಉಳಿದದ್ದನ್ನು ನಾಳೆ ಹೇಳುತ್ತೇನೆ. ಈಗ ನಿದ್ದೆ ಬರುತ್ತಿದೆ. ಅಲಾರಮ್ಮಿಗೆ ಕೀಲಿ ಕೊಟ್ಟಿಲ್ಲ. ಬೆಳಿಗ್ಗೆ ಹಿಟ್ಟು ಕಾಯುತ್ತಿರುತ್ತದೆ, ನೀನೇ ಎಬ್ಬಿಸು.